ವಿಧಿಯಾಗಿದ್ದ ವಿಚಿತ್ರ

ಒಗ್ಗದ ಉಡುಪಿಗೂ ಅರ್ಥವಾಗದ ನಡತೆಗೂ ಇಂದಿನ ಇಂಗ್ಲಿಷಿನಲ್ಲಿ ಸಲೀಸಾಗಿ ಸಲ್ಲುವ 'ವಿಯರ್ಡ್' ಎಂಬ ವಿಶೇಷಣವು, ಸಾವಿರ ವರ್ಷಗಳ ಹಿಂದೆ 'ವ್ಯೂರ್ಡ್' ಎಂಬ ಗಂಭೀರವಾದ ನಾಮಪದವಾಗಿದ್ದು, ಅರಸನೂ ಆಳೂ ಸಮಾನವಾಗಿ ತಲೆಬಾಗಬೇಕಾಗಿದ್ದ ವಿಧಿಯನ್ನು ಸೂಚಿಸುತ್ತಿದ್ದಿತು.

'ಆಗು' ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದವೊಂದಕ್ಕೆ ಇದು ಒಡಹುಟ್ಟು. ಆ ಕ್ರಿಯಾಪದವು ಜರ್ಮನ್ ಭಾಷೆಯಲ್ಲಿ 'ವೆರ್ಡೆನ್' ಎಂದು ಇಂದಿಗೂ ಬಳಕೆಯಲ್ಲಿದೆ. ಇವೆಲ್ಲಕ್ಕೂ ಹಿಂದಿರುವ ಮೂಲಧಾತುವಿನ ಅರ್ಥ 'ತಿರುಗು' ಎಂದು. ಸಂಸ್ಕೃತದ 'ವೃತ್' ಧಾತುವೂ ಅದೇ ಕುಲದ್ದಾದುದರಿಂದ, ನಾವು ಕನ್ನಡದಲ್ಲಿ ನಿತ್ಯವೂ ಆಡುವ ವರ್ತನೆ, ಪರಿವರ್ತನೆ, ವೃತ್ತಾಂತಗಳು ಆ ಪದಕ್ಕೆ ದೂರದ ದಾಯಾದಿಗಳೇ ಸರಿ. ಬ್ರಹ್ಮನು ಹಣೆಯಲ್ಲಿ ಒಮ್ಮೆಗೇ ಬರೆದು ಮುಗಿಸಿದ ಲಿಪಿಯಂತಲ್ಲದೆ, ತಿರುಗುತ್ತ ತಿರುಗುತ್ತ ಆಗುತ್ತಲೇ ಇರುವುದು ಈ ವಿಧಿ ಎಂದು ನನಗೆ ತೋರುತ್ತದೆ.

1731ರ ಅಗ್ನಿ ಅನಾಹುತದಲ್ಲಿ ಅಂಚು ಕರಕಾಗಿ, ಈಗ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಏಕೈಕ ಹಸ್ತಪ್ರತಿಯಿಂದ ನಮಗೆ ಉಳಿದುಬಂದ ಹಳೆಯ ಇಂಗ್ಲಿಷಿನ 'ಬೇವುಲ್ಫ್' ಕಾವ್ಯದಲ್ಲಿ ಈ ವಿಧಿಗೆ ಮನೋಹರವಾದ ನಿದರ್ಶನವಿದೆ. ಡೇನರ ಅರಸನ ಸಭೆಯಲ್ಲಿ ನಾಯಕನು ತನ್ನ ತಾರುಣ್ಯದ ಸಾಹಸವನ್ನು ಹೇಳುತ್ತಾನೆ: ಇರುಳೆಲ್ಲ ಕಡಲಿನ ಮೃಗಗಳೊಡನೆ ಹೋರಾಡಿ, ಪೂರ್ವದಲ್ಲಿ ಬೆಳಕು ಮೂಡಿ ಅಲೆಗಳು ಶಾಂತವಾಗಿ, ಗಾಳಿಗೊಡ್ಡಿದ ಕರಾವಳಿಯ ಬಂಡೆಗಳು ಕಣ್ಣಿಗೆ ಬಿದ್ದ ಆ ಕ್ಷಣವನ್ನು ನೆನೆಯುತ್ತ, ಸಾವು ಇನ್ನೂ ನಿಶ್ಚಯವಾಗಿರದ ವೀರನನ್ನು, ಅವನ ಕೆಚ್ಚು ಕುಂದದಿದ್ದಲ್ಲಿ, ವ್ಯೂರ್ಡ್ ಅನೇಕ ವೇಳೆ ಕಾಯುತ್ತದೆ ಎನ್ನುತ್ತಾನೆ. ದೈವವನ್ನೂ ಪೌರುಷವನ್ನೂ ಒಂದೇ ಮಾತಿನಲ್ಲಿ ಹೆಣೆದ ಈ ಉಕ್ತಿಯಷ್ಟು ಆ ಪದದ ಘನತೆಯನ್ನು ತೋರಿಸುವುದು ಬೇರೊಂದಿಲ್ಲ. ಆಲ್ಫ್ರೆಡ್ ದೊರೆಯ ಹೆಸರಿನಲ್ಲಿ ಬಂದಿರುವ ರೋಮನ್ ತತ್ತ್ವಜ್ಞಾನಿ ಬೊಯೇಥಿಯಸನ ಕೃತಿಯ ಅನುವಾದದಲ್ಲಿಯಾದರೋ, ವಿಧಿಯು ಕ್ರೈಸ್ತ ದೇವರ ಸಂಕಲ್ಪಕ್ಕೆ ಅಧೀನವಾಗಿ, ಅವನ ದೈನಂದಿನ ಕಾರ್ಯವಾಗಿ ಪರಿಣಮಿಸಿದೆ.

ಇಂಗ್ಲೆಂಡಿನ ದಕ್ಷಿಣದಲ್ಲಿ ಕ್ರಮೇಣ ಮರೆಯಾದ ಪದವನ್ನು ಸ್ಕಾಟ್‌ಲೆಂಡ್ ಕಾಪಾಡಿತು. ಮ್ಯಾಕ್‌ಬೆತ್ತನಿಗೆ ಭವಿಷ್ಯ ನುಡಿದ ಮೂವರು 'ವಿಯರ್ಡ್ ಸೋದರಿಯರು', ಎಂದರೆ ವಿಧಿದೇವಿಯರು, 1577ರ ಹಾಲಿನ್‌ಷೆಡ್ಡನ ಇತಿಹಾಸಗ್ರಂಥದ ಮೂಲಕ ಷೇಕ್ಸ್‌ಪಿಯರನ ನಾಟಕವನ್ನು ಪ್ರವೇಶಿಸಿದರು. ಆತನ ನಾಟಕಗಳ 1623ರ ಸಂಪುಟದಲ್ಲಿ ಅಚ್ಚಾದದ್ದು 'ವೇವರ್ಡ್' ಮುಂತಾದ ರೂಪಗಳು. 'ವಿಯರ್ಡ್' ಎಂದು ತಿದ್ದಿದವನು ಹದಿನೆಂಟನೆಯ ಶತಮಾನದ ಸಂಪಾದಕನಾದ ಥಿಯೊಬಾಲ್ಡ್. ಆದರೆ ರಂಗದ ಮೇಲೆ ಗಡ್ಡ ಬೆಳೆದ, ಕೃಶರಾದ, ವಿಕಾರವೇಷದ ಮುದುಕಿಯರನ್ನೇ ಕಂಡ ಜನಕ್ಕೆ ವಿಧಿ ಮರೆತು, ವಿಕಾರವೊಂದೇ ನೆನಪಿನಲ್ಲಿ ನಿಂತಿತು. ಹತ್ತೊಂಬತ್ತನೆಯ ಶತಮಾನದ ರಮ್ಯಕವಿಗಳು ಅದನ್ನು 'ಅಲೌಕಿಕ, ಭಯಾನಕ' ಎಂಬರ್ಥದಲ್ಲಿ ಬಳಸಿದರು. ಬಳಿಕ ಆ ಭಯವೂ ಸವೆದು, ಬರಿಯ ವಿಚಿತ್ರವೆಂಬುದಷ್ಟೇ ಉಳಿಯಿತು. ಒಂದು ಜನಾಂಗದ ತತ್ತ್ವಚಿಂತನೆಯನ್ನೇ ಹೊತ್ತಿದ್ದ ಪದವು ಹೀಗೆ ಹಗುರವಾದುದು ನನಗೆ ನಿಜವಾಗಿಯೂ ನಷ್ಟವೆನಿಸುತ್ತದೆ. ಸ್ಕಾಟರ ನುಡಿಯಲ್ಲಿ ಮಾತ್ರ, ತನ್ನ ಪಾಲಿಗೆ ಬಂದುದನ್ನು ತಾನೇ ಅನುಭವಿಸುವುದಕ್ಕೆ 'ತನ್ನ ವಿಯರ್ಡನ್ನು ಸಹಿಸುವುದು' ಎಂಬ ಹಳೆಯ ಪ್ರಯೋಗವಿದೆ.