ಹಾಡು ಕೇಳಲು ಒಬ್ಬರೇ ಹೋದಾಗ ಎಲ್ಲಿ ನಿಲ್ಲಬೇಕು?

ನಿಮ್ಮ ಮೆಚ್ಚಿನ ಪಾಪ್ ಗಾಯಕ ಹತ್ತಿರದ ಊರಿಗೆ ಬಂದಿದ್ದಾನೆ. ಗೆಳೆಯರಾರಿಗೂ ಬಿಡುವಿಲ್ಲ, ನೀವೊಬ್ಬರೇ ಹೊರಟಿದ್ದೀರಿ. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಗುಂಪಿನಲ್ಲಿ ಹೋದರೆ ಗುಂಪು ನಿಂತಲ್ಲೇ ನಿಲ್ಲಬೇಕಾಗುತ್ತದೆ. ಒಬ್ಬರೇ ಹೋದವರು ಬೇಕಾದ ಜಾಗ ಆರಿಸಿಕೊಳ್ಳಬಹುದು, ಬೇಡವೆನಿಸಿದರೆ ಹಾಡಿನ ನಡುವೆಯೇ ಬದಲಿಸಬಹುದು. ಆ ಜಾಗ ಯಾವುದಿರಬೇಕು?

ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಉತ್ತರ ಸುಲಭವಾಗಿತ್ತು: ಆದಷ್ಟು ಮುಂದೆ. ಬೆಳಗಾವಿ ಜಿಲ್ಲೆಯ ಕುಲಗೋಡವನ್ನು ನೋಡಿ. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಈ ಊರು, ಶ್ರೀಕೃಷ್ಣ ಪಾರಿಜಾತವನ್ನು ಜನಪ್ರಿಯ ರಂಗರೂಪಕ್ಕೆ ತಂದ ಕುಲಗೋಡ ತಮ್ಮಣ್ಣನ ಊರು. ಹತ್ತಿರದ ಕೌಜಲಗಿಯ ನಿಂಗಮ್ಮ ಇದೇ ಆಟದ ಹೆಸರಾಂತ ಕಲಾವಿದೆ. ಆ ಸೀಮೆಯ ಜನರಿಗೆ ಅಂದಿನ 'ಪಾಪ್ ತಾರೆ'ಗಳು ಇವರೇ ಎಂದರೆ ತಪ್ಪಾಗದು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ, ಅಂದರೆ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಹಾಗಿದ್ದರೂ ಪಾರಿಜಾತದ ಏರುದನಿ ಬರಿಗಂಟಲಿನಿಂದಲೇ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು. ಹೇಗೆ?

ಒಂದು ಕಾರಣ ನಮ್ಮ ಕಿವಿಯಲ್ಲೇ ಇದೆ. ಹೊರಕಿವಿಯ ನಾಳದ ಉದ್ದ ಸುಮಾರು 2.5 ಸೆಂಟಿಮೀಟರ್. ಒಂದು ತುದಿ ತೆರೆದಿದೆ, ಇನ್ನೊಂದನ್ನು ಕಿವಿತಮಟೆ ಮುಚ್ಚಿದೆ. ಇಂಥ ಕೊಳವೆಯಲ್ಲಿ, ಅದರ ನಾಲ್ಕು ಪಟ್ಟು ಉದ್ದದ ತರಂಗ ಅನುರಣನೆಗೊಳ್ಳುತ್ತದೆ. ಲೆಕ್ಕ ಹಾಕಿ: ತರಂಗದ ಉದ್ದ 10 ಸೆಂಟಿಮೀಟರ್, ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಆವೃತ್ತಿ ಸುಮಾರು 3,400 ಹರ್ಟ್ಸ್. ಏರುದನಿಯ ಮೇಲಿನ ಸ್ವರಾಂಶಗಳು ಇದರ ಆಸುಪಾಸಿನಲ್ಲೇ ಬೀಳುತ್ತವೆ. ದನಿ ದುರ್ಬಲವಾಗಿ ಬಂದರೂ ಕಿವಿಯೇ ಅದನ್ನು ಹಿಗ್ಗಿಸಿಕೊಳ್ಳುತ್ತದೆ.

ಇನ್ನೊಂದು ಕಾರಣ ರಾತ್ರಿ. ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್‌ನಷ್ಟು ಹೆಚ್ಚುತ್ತದೆ. ಗಾಳಿಯಾಡದ ಚಳಿ ರಾತ್ರಿಯಲ್ಲಿ ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದರಿಂದ, ಮೇಲೇರಿದ ಶಬ್ದ ನೆಲದ ಕಡೆಗೆ ಬಾಗುತ್ತದೆ. ಹಗಲಿನಲ್ಲಿ ಇದಕ್ಕೆ ವಿರುದ್ಧ. ಬಯಲಾಟಕ್ಕೆ ರಾತ್ರಿಯೇ ಸರಿ ಎಂದವರು ಬಿಡುವಿನ ವೇಳೆಯನ್ನಷ್ಟೇ ನೋಡಿರಬಹುದು. ಭೌತವಿಜ್ಞಾನವೂ ಅವರ ಪರವಾಗಿತ್ತು.

ಈಗ ಕಿತ್ತೂರು ಉತ್ಸವದಂಥ ದೊಡ್ಡ ಮೈದಾನಕ್ಕೆ ಬನ್ನಿ. ಧ್ವನಿವರ್ಧಕ ಬಂದ ಮೇಲೆ 'ಮುಂದೆ ಕೂರು' ಎಂಬ ನಿಯಮ ತಲೆಕೆಳಗಾಗಿದೆ. ಇಂಥ ಕಾರ್ಯಕ್ರಮಗಳಲ್ಲಿ ಪೆಟ್ಟಿಗೆಗಳ ಮುಂದೆ ಮಟ್ಟ 100 ಡೆಸಿಬೆಲ್ ದಾಟುವುದು ಅಪರೂಪವೇನಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು, ಮುಂದಿನ ಪ್ರತಿ 3 ಡೆಸಿಬೆಲ್‌ಗೆ ಈ ಅವಧಿ ಅರ್ಧವಾಗುತ್ತದೆ ಎಂಬುದು ಕಾರ್ಖಾನೆಗಳ ಸಲುವಾಗಿ ರೂಪಿಸಿದ ಒಂದು ಲೆಕ್ಕ. ಅದರಂತೆ 94 ಡೆಸಿಬೆಲ್‌ಗೆ ಒಂದು ಗಂಟೆ, 100ಕ್ಕೆ ಕೇವಲ 15 ನಿಮಿಷ. ಅಲ್ಲಿ ಮೂರು ಗಂಟೆ ನಿಂತರೆ ಹನ್ನೆರಡು ದಿನಗಳ ಪಾಲನ್ನು ಒಂದೇ ಸಂಜೆ ನುಂಗಿದಂತೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ತಾಣಗಳಿಗೆ ಸೂಚಿಸಿದ ಮಿತಿಯೂ 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್.

ಪೆಟ್ಟು ಬೀಳುವುದು ಒಳಗಿವಿಯ ಕಾಕ್ಲಿಯದಲ್ಲಿ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಈ ಭಾಗದಲ್ಲಿ ಸುಮಾರು 15,000 ರೋಮಕೋಶಗಳಿವೆ. ಹಕ್ಕಿಗಳಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ, ನಮ್ಮಲ್ಲಿ ಇಲ್ಲ. ಗದ್ದಲದಿಂದಾಗುವ ಹಾನಿ ಮೊದಲು ತೋರುವುದು ಬಹುಮಟ್ಟಿಗೆ 4,000 ಹರ್ಟ್ಸ್‌ನ ಸುತ್ತ, ಅಂದರೆ ಕಿವಿನಾಳ ಹಿಗ್ಗಿಸಿ ಕೊಡುವ ಆವೃತ್ತಿಗಳಿಗಿಂತ ತುಸು ಮೇಲೆ. ಪಾರಿಜಾತದ ಹಾಡನ್ನು ದೂರದವರಿಗೆ ಕೇಳಿಸಿದ ಅದೇ ಅನುರಣನೆ ಇಲ್ಲಿ ಶತ್ರುವಾಗುತ್ತದೆ. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಇಲಿಗಳ ಮೇಲೆ ನಡೆಸಿದ ಅಧ್ಯಯನ ಇನ್ನೂ ಕಳವಳಕಾರಿ: ಶ್ರವಣಮಟ್ಟ ಮೊದಲಿನಂತಾದ ಮೇಲೂ ರೋಮಕೋಶ ಮತ್ತು ನರಗಳ ನಡುವಿನ ಸಂಪರ್ಕಗಳು ಶಾಶ್ವತವಾಗಿ ಕಡಿದುಹೋಗಿದ್ದವು.

ಒಬ್ಬರೇ ಹೋದವರಿಗೆ ಒಂದು ಕೊರತೆ ಇರುವುದು ಇಲ್ಲೇ. ಜೊತೆಗಾರ ಇದ್ದಿದ್ದರೆ ಅವನೇ ನಿಮ್ಮ ಡೆಸಿಬೆಲ್ ಮಾಪಕ. ಒಂದು ತೋಳಿನ ದೂರದಲ್ಲಿರುವವನಿಗೆ ಕೂಗಿ ಹೇಳಬೇಕಾಗಿ ಬಂದರೆ ಮಟ್ಟ 85ನ್ನು ದಾಟಿದೆ ಎಂದು ತಿಳಿಯಬಹುದು. ಮಾತನಾಡಲು ಯಾರೂ ಇಲ್ಲದಾಗ ಈ ಎಚ್ಚರಿಕೆ ಸಿಗುವುದಿಲ್ಲ. ಪಕ್ಕದ ಅಪರಿಚಿತರನ್ನು ಒಮ್ಮೆ ಗಂಟೆ ಎಷ್ಟೆಂದು ಕೇಳಿ ನೋಡಿ! ಮೊಬೈಲ್ ಫೋನಿನ ಮಾಪಕ ತಂತ್ರಾಂಶವೂ ಆದೀತು, ಅಂದಾಜಿಗೆ ಮಾತ್ರ.

ಹಾಗಾದರೆ ಜಾಗ? ಮೈದಾನದ ನಡುವೆ ಧ್ವನಿ ನಿಯಂತ್ರಿಸುವವರ ಮೇಜು ಇರುತ್ತದೆ. ಅವರು ತಮ್ಮ ಕಿವಿಗೆ ಹಿತವಾಗುವಂತೆ ಎಲ್ಲವನ್ನೂ ಹೊಂದಿಸುವುದರಿಂದ ಅದರ ಆಸುಪಾಸೇ ಒಳ್ಳೆಯ ಜಾಗ. ವೇದಿಕೆಯಿಂದ 35 ಮೀಟರ್ ದೂರದಲ್ಲಿದ್ದರೆ ಗಾಯಕನ ತುಟಿ ಅಲುಗಿದ ಹತ್ತನೆಯ ಒಂದು ಸೆಕೆಂಡಿನ ನಂತರ ದನಿ ಬರುತ್ತದೆ; ಅಷ್ಟನ್ನು ಸಹಿಸಿಕೊಳ್ಳಿ. ಮುಖವನ್ನು ಹತ್ತಿರದಿಂದ ನೋಡಲೇಬೇಕೆಂಬ ಆಸೆ ಸಹಜ, ಒಂದೆರಡು ಹಾಡಿಗೆ ಮುಂದೆ ಹೋಗಿ ಬನ್ನಿ. ಕಿವಿಗೆ ಹತ್ತಿ ತುರುಕಿಕೊಂಡರೆ ಪ್ರಯೋಜನ ಅತ್ಯಲ್ಪ. ಔಷಧದ ಅಂಗಡಿಯ ಮೃದು ಬಿರಡೆ ಸರಿಯಾಗಿ ಕೂತರೆ 15 ಡೆಸಿಬೆಲ್ ತಡೆದೀತು. 100 ಇದ್ದದ್ದು 85 ಆಗುತ್ತದೆ, ಹಾಡೇನೂ ಕಳೆದುಹೋಗುವುದಿಲ್ಲ. ಬಿರಡೆ ಹಾಕಿಕೊಳ್ಳಲು ಸಂಕೋಚವೇ? ವೇದಿಕೆಯ ಮೇಲಿರುವವರ ಕಿವಿಗಳನ್ನು ಗಮನಿಸಿ. ಹಲವರ ಕಿವಿಯಲ್ಲಿ ಹೊರಗಿನ ಗದ್ದಲ ತಡೆಯುವ ಪುಟ್ಟ ಸಾಧನ ಕಾಣುತ್ತದೆ.

ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಮರುದಿನವೂ ಉಳಿದಿದ್ದರೆ ಕಿವಿ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿ. ಪರೀಕ್ಷೆಯ ನಕ್ಷೆಯಲ್ಲಿ 4,000 ಹರ್ಟ್ಸ್‌ನ ಬಳಿ ತಗ್ಗು ಇದೆಯೇ ಎಂದು ಅವರನ್ನು ಕೇಳಿ.