ಪರರಾಷ್ಟ್ರದ ಬಾವುಟವೂ ಸ್ವರಾಷ್ಟ್ರದ ಪ್ರಜೆಯೂ

ಒಂದು ರಾಜ್ಯದ ಪ್ರಜೆಗಳು ನೆರೆಯ ರಾಜ್ಯದ ಬಾವುಟವನ್ನು ತಮ್ಮ ಊರಿನ ಪುರಭವನದ ಮುಂದೆ ಏರಿಸಬಹುದೆ? ಏರಿಸಿದಲ್ಲಿ ಅದು ರಾಜದ್ರೋಹವೊ, ಸ್ವಜನಾಭಿಮಾನವೊ? ಇದು ವಕೀಲರ ವಾದಕ್ಕೆ ಮಾತ್ರ ಸೇರಿದ ಪ್ರಶ್ನೆಯೆಂದು ತಿಳಿಯುವವರು ಮ್ಯಾಸಿಡೋನಿಯಾದ ಗೋಸ್ತಿವಾರ್ ಪಟ್ಟಣದ ವೃತ್ತಾಂತವನ್ನು ನೆನೆಯಬೇಕು. 1997ನೆಯ ಇಸವಿ ಜುಲೈ 9ರಂದು ಅಲ್ಲಿ ಈ ಪ್ರಶ್ನೆಯ ದೆಸೆಯಿಂದ ಮೂವರು ಪ್ರಾಣ ತೆತ್ತರು.

1991ರಲ್ಲಿ ಯುಗೋಸ್ಲಾವಿಯಾದಿಂದ ಬೇರ್ಪಟ್ಟು, 2019ರಿಂದ ಉತ್ತರ ಮ್ಯಾಸಿಡೋನಿಯಾ ಎನಿಸಿಕೊಂಡಿರುವ ಈ ರಾಜ್ಯದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಜನರು ಆಲ್ಬೇನಿಯನರು. ಗೋಸ್ತಿವಾರ್, ತೆತೋವೊ ಪಟ್ಟಣಗಳಲ್ಲಿ ಅವರದೇ ಬಹುಮತ. ಅಲ್ಲಿಯ ಪುರಸಭೆಗಳವರು ರಾಜ್ಯಧ್ವಜದೊಡನೆ ಆಲ್ಬೇನಿಯಾ ದೇಶದ ಧ್ವಜವನ್ನೂ ಹಾರಿಸಿದರು. ಗೋಸ್ತಿವಾರಿನಲ್ಲಿ ತುರ್ಕಿಯ ಧ್ವಜವೂ ಇದ್ದಿತು. ಇವನ್ನು ಇಳಿಸಬೇಕೆಂದು ಮೇ ತಿಂಗಳಲ್ಲಿ ಸಂವಿಧಾನ ನ್ಯಾಯಸ್ಥಾನವು ಆಜ್ಞೆ ಮಾಡಿತು. ಪುರಾಧ್ಯಕ್ಷರು ಒಪ್ಪಲಿಲ್ಲ. ಜುಲೈ 8ರಂದು ಶಾಸನಸಭೆಯು, ಕೆಲವು ರಾಷ್ಟ್ರೀಯ ಹಬ್ಬಗಳಂದು ಮಾತ್ರ ಅಲ್ಪಸಂಖ್ಯಾತರ ಬಾವುಟಗಳು ಪುರಭವನದ ಮುಂದೆ ಹಾರಬಹುದೆಂದು ಕಾಯಿದೆ ಮಾಡಿತು. ಮರುದಿನವೇ ಪೋಲೀಸರು ಬಾವುಟಗಳನ್ನು ಕಿತ್ತರು, ಜನರು ಕೂಡಿದರು, ರಕ್ತ ಹರಿಯಿತು. ಪುರಾಧ್ಯಕ್ಷ ರೂಫಿ ಓಸ್ಮಾನಿಯವರಿಗೆ 13 ವರ್ಷ 8 ತಿಂಗಳ ಸೆರೆ ವಿಧಿಸಲ್ಪಟ್ಟು, ಮೇಲ್ಮನವಿಯಲ್ಲಿ 7 ವರ್ಷಕ್ಕಿಳಿಯಿತು. 1999ರಲ್ಲಿ ಕ್ಷಮಾದಾನದಿಂದ ಅವರು ಬಿಡುಗಡೆ ಹೊಂದಿದರು.

ಸರ್ಕಾರದವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಪುರಭವನವು ಯಾರೊಬ್ಬರ ಮನೆಯಲ್ಲ. ಅದರ ಮುಂದಿನ ಧ್ವಜವು ಅಲ್ಲಿ ನಡೆಯುವ ಅಧಿಕಾರ ಯಾರದೆಂಬುದನ್ನು ಸಾರುತ್ತದೆ. ಪರರಾಜ್ಯದ ಧ್ವಜವು ನಿತ್ಯವೂ ಅಲ್ಲಿ ಹಾರಿದರೆ, ಬೇರೆ ಜನಾಂಗದ ಪೌರನು ತನ್ನೂರಿನಲ್ಲಿಯೇ ತಾನು ಪರಕೀಯನೆಂದು ಶಂಕಿಸುವನು. ಆದರೆ ಎದುರು ಪಕ್ಷದ ಉತ್ತರವೂ ತಳ್ಳಿಹಾಕತಕ್ಕದ್ದಲ್ಲ. ಕೆಂಪು ಬಟ್ಟೆಯ ಮೇಲಿನ ಕಪ್ಪು ಗಂಡಭೇರುಂಡದಂತಹ ಆ ಹದ್ದು 1912ರ ನವೆಂಬರ್ 28ರಂದು ವ್ಲೋರಾ ಪಟ್ಟಣದಲ್ಲಿ ಆಲ್ಬೇನಿಯನ ಸ್ವಾತಂತ್ರ್ಯದ ಗುರುತಾಗಿ ಮೇಲೇರಿತು. ಮರುವರ್ಷ ಲಂಡನಿನಲ್ಲಿ ಮಹಾರಾಷ್ಟ್ರಗಳ ರಾಯಭಾರಿಗಳು ಎಳೆದ ಗಡಿಯು ಆ ಜನರಲ್ಲಿ ಅನೇಕರನ್ನು ಹೊರಗುಳಿಸಿತು. ಗಡಿಯು ಬಾವುಟಕ್ಕಿಂತ ಕಿರಿಯದು. ಹೀಗಿರುವಲ್ಲಿ ಅವರು ಅದನ್ನು ಪರರಾಜ್ಯದ್ದೆನ್ನದೆ ತಮ್ಮ ಕುಲದ್ದೆಂದರೆ ಅಚ್ಚರಿಯೇನು?

ಇನ್ನೊಂದು ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಮ್ಯಾಸಿಡೋನಿಯಾವು 1992ರಲ್ಲಿ ಅಂಗೀಕರಿಸಿದ ಸೂರ್ಯಧ್ವಜವನ್ನು ತಮ್ಮದೆಂದು ಗ್ರೀಕರು ಆಕ್ಷೇಪಿಸಿದ್ದರು. 1993ರಲ್ಲಿ ವಿಶ್ವಸಂಸ್ಥೆಯನ್ನು ಸೇರಿದಾಗ ಆ ಧ್ವಜಕ್ಕೆ ಅಲ್ಲಿ ಸ್ಥಳ ದೊರೆಯಲಿಲ್ಲ. 1994ರಲ್ಲಿ ಗ್ರೀಸ್ ವ್ಯಾಪಾರವನ್ನೇ ತಡೆದಿತು. 1995ರಲ್ಲಿ ಧ್ವಜವನ್ನು ಬದಲಿಸಬೇಕಾಯಿತು. ಬಾವುಟ ಇಳಿಸಿಕೊಂಡವರ ನೋವು ಎಂತಹದೆಂಬುದನ್ನು ಬಲ್ಲ ಸರ್ಕಾರವೇ ಎರಡು ವರ್ಷಗಳಲ್ಲಿ ತನ್ನ ಪ್ರಜೆಗಳ ವಿಷಯದಲ್ಲಿ ಅದನ್ನು ಮರೆಯಿತು.

2001ರ ಸಶಸ್ತ್ರ ಕಲಹದ ಅನಂತರ ಓಹ್ರಿದ್ ಒಡಂಬಡಿಕೆಯು, ಸ್ಥಳೀಯ ಬಹುಸಂಖ್ಯಾತರ ಲಾಂಛನವನ್ನು ರಾಜ್ಯಲಾಂಛನದ ಪಕ್ಕದಲ್ಲಿಡಲು ಪುರಸಭೆಗಳಿಗೆ ಸ್ವಾತಂತ್ರ್ಯವಿತ್ತಿತು. 2005ರಲ್ಲಿ ಅದಕ್ಕನುಸಾರವಾಗಿ ಕಾಯಿದೆಯಾಯಿತು. 2007ರಲ್ಲಿ ಸಂವಿಧಾನ ನ್ಯಾಯಸ್ಥಾನವು ಅದರ ಹಲವು ವಿಧಿಗಳನ್ನು ರದ್ದುಪಡಿಸಲು, ಆಲ್ಬೇನಿಯನರಾಗಿದ್ದ ನ್ಯಾಯಸ್ಥಾನದ ಅಧ್ಯಕ್ಷರೇ ರಾಜೀನಾಮೆಯಿತ್ತರು.

ಇದರಿಂದ ತಿಳಿಯತಕ್ಕದ್ದೇನು? ಮನೆಯ ಮಾಡು, ಮದುವೆಯ ಚಪ್ಪರ, ಆಟದ ಬಯಲು, ಇಲ್ಲಿ ಪ್ರಜೆಯು ಹಿಡಿಯುವ ಬಾವುಟದ ಗೊಡವೆ ಸರ್ಕಾರಕ್ಕೆ ಬೇಡ. ಸರ್ಕಾರಿ ಕಟ್ಟಡದ ಮುಂದೆ ರಾಜ್ಯಧ್ವಜಕ್ಕೆ ಅಗ್ರಸ್ಥಾನವಿರಲಿ. ಉಳಿದ ಬಾವುಟಗಳಿಗೆ ಎಡೆಯೆಷ್ಟೆಂಬುದನ್ನು ಉಭಯರೂ ಕುಳಿತು ಮಾತನಾಡಿ ಗೊತ್ತುಮಾಡಿಕೊಳ್ಳಲಿ. ಕಾಯಿದೆ ಮಾಡಿದ ಮರುದಿನವೇ ಲಾಠಿ ಹಿಡಿಯುವುದು ನ್ಯಾಯಪಾಲನೆಯಲ್ಲ. 2001ರಲ್ಲಿ ಮೇಜಿನ ಮುಂದೆ ಒಪ್ಪಿದ ತತ್ತ್ವವನ್ನು 1997ರಲ್ಲಿಯೇ ಒಪ್ಪಿದ್ದರೆ ಗೋಸ್ತಿವಾರಿನ ಆ ಮೂವರು ಬದುಕಿರುತ್ತಿದ್ದರೆಂದು ನಾವು ನಂಬುತ್ತೇವೆ. ಬಲಾತ್ಕಾರದಿಂದ ಇಳಿಸಿದ ಬಾವುಟವು ಕಂಬವನ್ನು ಬಿಟ್ಟೀತು. ಜನರ ಮನಸ್ಸನ್ನು ಬಿಡದು.