ಚೌಕಾಬಾರಕ್ಕೆ ಎಷ್ಟು ದೊಡ್ಡ ಎಂಜಿನ್ ಬೇಕು?

ಮೊಬೈಲಿಗೊಂದು ಪುಟ್ಟ ಗೇಮ್ ಮಾಡಲು ಹೊರಟವರು ಮೊದಲ ವಾರ ಗೇಮನ್ನು ಮುಟ್ಟುವುದೇ ಇಲ್ಲ. ಯಾವ ಎಂಜಿನ್ ಒಳ್ಳೆಯದು ಎಂದು ಯೂಟ್ಯೂಬ್ ಜಾಲಾಡುತ್ತಾರೆ. ಅನ್‌ರಿಯಲ್‌ನಲ್ಲಿ ನೀರಿನ ಮೇಲೆ ಬೆಳಕು ಹೇಗೆ ಆಡುತ್ತದೆ, ಯೂನಿಟಿಯಲ್ಲಿ ಯಾವ ಯಾವ ದೊಡ್ಡ ಗೇಮ್ ಬಂದಿದೆ ಎಂಬುದೇ ಚರ್ಚೆ. ಇಷ್ಟಕ್ಕೂ ಇವರು ಮಾಡಬೇಕೆಂದಿರುವುದು ಚೌಕಾಬಾರ: ಇಪ್ಪತ್ತೈದು ಮನೆ, ನಾಲ್ಕು ಕವಡೆ, ತಲಾ ನಾಲ್ಕು ಕಾಯಿ. ಇಬ್ಬರ ಸಾರಿಗೆ ಮದುವೆಮನೆಯ ಕೊಪ್ಪರಿಗೆ ಇಳಿಸಿದ ಹಾಗೆ.

ಎಂಜಿನ್ ಮಾಡಿಕೊಡುವುದು ಕೆಲವು ಕೆಲಸಗಳನ್ನಷ್ಟೇ. ಪರದೆಯ ಮೇಲೆ ಚಿತ್ರ ಮೂಡಿಸುತ್ತದೆ, ಬೆರಳು ಎಲ್ಲಿ ತಾಗಿತೆಂದು ತಿಳಿಸುತ್ತದೆ, ಸದ್ದು ಹೊರಡಿಸುತ್ತದೆ, ಕೊನೆಗೆ ಆ್ಯಪ್ ಕಟ್ಟಿಕೊಡುತ್ತದೆ. ಆಟದ ಸ್ವಾರಸ್ಯ ಅದರ ಕೈಯಲ್ಲಿಲ್ಲ. ಕವಡೆಯ ವಿಷಯವನ್ನೇ ನೋಡಿ. ಹೊಸಬರು ‘ಒಂದು, ಎರಡು, ಮೂರು, ನಾಲ್ಕು, ಎಂಟು, ಇವುಗಳಲ್ಲಿ ಯಾವುದಾದರೊಂದನ್ನು ಕೊಡು’ ಎಂದು ಪ್ರೋಗ್ರಾಂ ಬರೆದುಬಿಡುತ್ತಾರೆ. ಆಗ ಐದು ಸಲಕ್ಕೊಮ್ಮೆ ಎಂಟರ ಗರ ಬೀಳುತ್ತದೆ, ಆಟ ಸಪ್ಪೆಯಾಗುತ್ತದೆ. ನಾಲ್ಕು ಕವಡೆಗಳನ್ನೂ ಬೇರೆ ಬೇರೆಯಾಗಿ ಎಸೆಯುವಂತೆ ಬರೆಯಬೇಕು. ಅವು ಬೀಳುವ ಬಗೆ 16. ಅದರಲ್ಲಿ ಎರಡು ಬರುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಯಲ್ಲಿ, ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ ದಾರಿ. ಎಂಟು ಬಿದ್ದಾಗ ಜಗಲಿಯಲ್ಲಿ ಏಳುವ ಗದ್ದಲಕ್ಕೆ ಈ ಲೆಕ್ಕವೇ ಕಾರಣ. ಇದನ್ನು ಯಾವ ಎಂಜಿನ್ನೂ ತಾನಾಗಿ ಹೇಳಿಕೊಡದು.

ಹೆಸರು ಮಾಡಿದ ಗೇಮ್‌ಗಳೂ ಸಣ್ಣ ಸಲಕರಣೆಯಿಂದಲೇ ಬಂದಿವೆ. 2015ರ ‘ಅಂಡರ್‌ಟೇಲ್’ ಗೇಮ್‌ಮೇಕರ್‌ನಲ್ಲಿ ತಯಾರಾದದ್ದು. 2024ರಲ್ಲಿ ಇಸ್ಪೀಟು ಹಿಡಿದು ಜಗತ್ತನ್ನೇ ಕೂರಿಸಿದ ‘ಬಲಾಟ್ರೊ’ ಹಿಂದೆ ಇದ್ದದ್ದು ಲವ್ ಎಂಬ ಪುಟ್ಟ ಚೌಕಟ್ಟು. ಅದರಲ್ಲಿ ಎಳೆದು ಇಡುವ ಎಡಿಟರ್ ಕೂಡ ಇಲ್ಲ, ಎಲ್ಲವನ್ನೂ ಲುವಾ ಭಾಷೆಯಲ್ಲಿ ಬರೆಯಬೇಕು. ‘ಸೆಲೆಸ್ಟ್’ನ ಮೊದಲ ರೂಪವನ್ನು ಇಬ್ಬರು ನಾಲ್ಕೇ ದಿನದಲ್ಲಿ ಪಿಕೊ-8 ಎಂಬ ಪುಟ್ಟ ಸಲಕರಣೆಯಲ್ಲಿ ಮಾಡಿದರು. ಪಿಕೊ-8ರ ಪರದೆ 128 ಚುಕ್ಕಿ ಅಗಲ, ಅಷ್ಟೇ ಎತ್ತರ, ಬಣ್ಣ ಹದಿನಾರು. ಜಾಗ ಇಲ್ಲದಿದ್ದಾಗ ಆಸೆಗಳೂ ಹದ್ದಿನಲ್ಲಿರುತ್ತವೆ.

ಹಣದ ಕರಾರನ್ನು ಮಾತ್ರ ಕಣ್ಣಿಟ್ಟು ಓದಬೇಕು. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಕಂಪನಿ, ಒಂದು ಮಿತಿ ದಾಟಿದ ಗೇಮ್‌ಗಳಿಗೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಎಂದು ಘೋಷಿಸಿತು. ಆಗಲೇ ಗೇಮ್ ಮಾಡಿ ಮುಗಿಸಿದವರಿಗೂ ಅದು ತಟ್ಟುವಂತಿತ್ತು. ಸಿಟ್ಟು ಎಷ್ಟಿತ್ತೆಂದರೆ ಮರುತಿಂಗಳೇ ಮುಖ್ಯಸ್ಥ ಜಾನ್ ರಿಕಿಟೆಲೊ ಕುರ್ಚಿ ಬಿಟ್ಟರು; ವರ್ಷದ ಬಳಿಕ ಶುಲ್ಕವೇ ರದ್ದಾಯಿತು. ಸಣ್ಣವರು ಆ ಮಿತಿ ಮುಟ್ಟುವುದು ಅಪರೂಪ, ಒಪ್ಪೋಣ. ಆದರೆ ಆಟದ ನಡುವೆ ನಿಯಮ ಬದಲಿಸುವವರ ಜೊತೆ ಯಾರು ತಾನೆ ಕೂರುತ್ತಾರೆ? ಆಗ ಹಲವರ ಕಣ್ಣು ಹೋದದ್ದು ಗೊಡೋ ಕಡೆಗೆ. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯೆಲ್ ಮನ್ಸೂರ್ ಕಟ್ಟಿದ ಈ ಎಂಜಿನ್ 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ಗಳಿಕೆಯಲ್ಲಿ ಪಾಲಿಲ್ಲ, ಹಳೆಯ ಲ್ಯಾಪ್‌ಟಾಪ್‌ಗೂ ಹೆಚ್ಚು ಭಾರವಲ್ಲ.

ಕನ್ನಡದಲ್ಲಿ ಗೇಮ್ ಮಾಡುವವರಿಗೆ ಇನ್ನೊಂದು ಪರೀಕ್ಷೆ ಇದೆ. ನನ್ನ ಮಟ್ಟಿಗೆ ಅದೇ ಮೊದಲನೆಯದು. ಎಂಜಿನ್ ತೆರೆದು ಖಾಲಿ ಪರದೆಯ ಮೇಲೆ ‘ಕಾಯಿ ಹಣ್ಣಾಯಿತು’ ಎಂದು ಬರೆಸಿ. ಕೆಲವು ಎಂಜಿನ್‌ಗಳಲ್ಲಿ ಅದು ‘ಹಣ್‌ಣಾಯಿತು’ ಆಗುತ್ತದೆ. ಒತ್ತಕ್ಷರ ಕೆಳಗಿಳಿಯಬೇಕಾದರೆ ಫಾಂಟ್ ಇದ್ದರೆ ಸಾಲದು, ಅಕ್ಷರಗಳನ್ನು ಕೂಡಿಸುವ ಬುದ್ಧಿ ಎಂಜಿನ್‌ಗೂ ಇರಬೇಕು. ಯೂನಿಟಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಷ್ ಪ್ರೊ ಇದನ್ನು ತಾನಾಗಿ ಮಾಡದು. ಹಳೆಯ ಗೊಡೋ 3ರಲ್ಲೂ ಇದೇ ಗೋಳು. 2023ರಲ್ಲಿ ಬಂದ ಗೊಡೋ 4 ಹಾರ್ಫ್‌ಬಜ್ ಎಂಬ ಲೈಬ್ರರಿಯ ನೆರವಿನಿಂದ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಪ್ರಾಜೆಕ್ಟಿನೊಳಗೇ ಇಟ್ಟಿರಿ. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಕಂಡ ಅಕ್ಷರ ಬ್ರೌಸರ್‌ನಲ್ಲಿ ಬರೀ ಡಬ್ಬಿಗಳಾಗಿ ಕಾಣುತ್ತದೆ. ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಫೇಸರ್ ಇದೆ. ಅಲ್ಲಿ ಅಕ್ಷರ ಕೂಡಿಸುವ ಹೊಣೆ ಬ್ರೌಸರ್‌ನದೇ ಆದ್ದರಿಂದ ಒತ್ತಕ್ಷರದ ತಲೆನೋವಿಲ್ಲ. ‘ವ್ಯಾಂಪೈರ್ ಸರ್ವೈವರ್ಸ್’ ಶುರುವಾದದ್ದು ಇದರಲ್ಲೇ. ಪರದೆ ತುಂಬ ಶತ್ರುಗಳು ಮುತ್ತುವ ಗೇಮ್ ಅದು, ವೇಗ ಸಾಲದೆ ಆಮೇಲೆ ಯೂನಿಟಿಗೆ ಹೋಯಿತು. ಚೌಕಾಬಾರದ ಹದಿನಾರು ಕಾಯಿಗೆ ಆ ಚಿಂತೆಯಿಲ್ಲ.

ಹಾಗಾಗಿ ನನ್ನ ಓಟು, ಪ್ರೋಗ್ರಾಮಿಂಗ್‌ಗೆ ಹೊಸಬರಾದರೆ ಗೊಡೋಗೆ, ವೆಬ್‌ಸೈಟ್ ಮಾಡಿ ರೂಢಿಯಿದ್ದರೆ ಫೇಸರ್‌ಗೆ. ಗೇಮ್ ಕಂಪನಿಯಲ್ಲಿ ಕೆಲಸ ಹಿಡಿಯುವುದೇ ಗುರಿಯಾದರೆ ಯೂನಿಟಿ ಕಲಿಯಿರಿ, ಅದು ಬೇರೆ ಲೆಕ್ಕ. ಯಾವುದೇ ಆಗಲಿ, ಮೊದಲು ಬ್ರೌಸರ್‌ನಲ್ಲಿ ಆಡುವಂತೆ ಮಾಡಿ ಗೇಮ್ ಹಂಚುವ ತಾಣವಾದ ಇಚ್.ಐಒದಲ್ಲಿ ಹಾಕಿ, ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆ ಕಳಿಸಿ. ಅದಕ್ಕೆ ಖರ್ಚಿಲ್ಲ. ಪ್ಲೇ ಸ್ಟೋರ್ ಆದರೆ 25 ಡಾಲರ್ ಕಟ್ಟಿ ಖಾತೆ ತೆರೆಯಬೇಕು, ಹೊಸ ವೈಯಕ್ತಿಕ ಖಾತೆಯಾದರೆ ಬಿಡುಗಡೆಗೆ ಮುನ್ನ ಪರೀಕ್ಷಕರನ್ನೂ ಹುಡುಕಬೇಕು. ಅಷ್ಟರಲ್ಲಿ ಮೈಸೂರಿನ ಚಿಕ್ಕಮ್ಮ ಒಂದು ನಿಯಮ, ಶಿವಮೊಗ್ಗದ ಮಾವ ಇನ್ನೊಂದು ನಿಯಮ ಹೇಳಿ, ‘ನೀನು ಮಾಡಿದ್ದು ಚೌಕಾಬಾರವೇ ಅಲ್ಲ’ ಎಂದಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಜಾಗ ಮಾಡಿಕೊಂಡೇ ಸ್ಟೋರ್‌ಗೆ ಹೋಗುವುದು ವಾಸಿ.